ಹಿಂಬದಿಯಲ್ಲಿ ಸಾಲ ಉಂಟು

ಮಂಗಳೂರು
ಡಿಸೆಂಬರ್ 2025

ಬ್ಯಾಂಕಿನ ಶಾಖಾ ವ್ಯವಸ್ಥಾಪಕರಿಗೆ,

ನಿಮ್ಮ ಬ್ಯಾಂಕಿನ ಹೆಸರು ಬರೆಯುವುದಿಲ್ಲ. ಎಸ್‌ಎಂಎಸ್ ಕಳಿಸಿದ್ದಕ್ಕೂ ಖಾತೆಯಿಂದ ಹಣ ಮುರಿಯುವವರು ನೀವು, ಹೆಸರು ಬಳಸಿದ್ದಕ್ಕೂ ಮುರಿದುಕೊಂಡೀರಿ.

ಇವತ್ತು ಬೆಳಿಗ್ಗೆ ನಾನು ಬಂದದ್ದು ಎರಡು ಕೆಲಸಕ್ಕೆ. ಅವಧಿ ಮುಗಿದ ಎಫ್‌ಡಿಯನ್ನು ಪುನಃ ಇಡಬೇಕಿತ್ತು, ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಬೇಕಿತ್ತು. ಎರಡೂ ಆಗಲಿಲ್ಲ. ಎಂಟ್ರಿ ಹಾಕುವ ಮೆಷಿನ್ ಮೇಲೆ ‘ಕೆಟ್ಟಿದೆ’ ಎಂದು ಚೀಟಿ ಅಂಟಿಸಿದ್ದೀರಿ. ಚೀಟಿ ಹಳತಾಗಿ ಅಕ್ಷರ ಮಾಸಿದ್ದಕ್ಕೆ ಮೇಲಿನಿಂದ ಪೆನ್ನಿನಲ್ಲಿ ಇನ್ನೊಮ್ಮೆ ತಿದ್ದಿದ್ದೀರಿ. ಆ ಮೆಷಿನ್‌ಗೆ ಆದ ರಿಪೇರಿ ಅಷ್ಟೇ. ಕೌಂಟರಿನಲ್ಲಿ ಸರ್ವರ್ ಇಲ್ಲ. ಟೋಕನ್ ಹಿಡಿದು ಕೂತೆವು. ಪಿಂಚಣಿಗೆ ಬಂದ ಅಜ್ಜ ಒಬ್ಬರು ಕೂತಲ್ಲಿಯೇ ಒಂದು ನಿದ್ದೆ ಮುಗಿಸಿ ಎದ್ದು, ‘ಬಂತಾ?’ ಎಂದು ಕೇಳಿ ಪುನಃ ಮಲಗಿದರು.

ಆಗ ಟೈ ಕಟ್ಟಿದ ನಿಮ್ಮ ಹುಡುಗ ಬಂದು ಎಲ್ಲರ ಕೈಗೂ ಒಂದೊಂದು ಬಣ್ಣದ ಕಾಗದ ಕೊಟ್ಟ. ‘ಆಂಟಿ, ಓದಿ, ಟೈಂಪಾಸ್ ಆಗ್ತದೆ.’ ಓದಿದೆ. ‘ಸಂಕಷ್ಟದ ಕಾಲದಲ್ಲಿ ಕ್ರಿಸ್‌ಮಸ್: ಹಣ ಉಳಿಸಲು ಸುಲಭ ಸೂತ್ರಗಳು.’ ಪಟ್ಟಿ ಮಾಡಿ, ದುಂದು ಬಿಡಿ, ಆಸೆ ಹತೋಟಿಯಲ್ಲಿಡಿ. ಒಳ್ಳೆಯದು. ಕಾಗದದ ಹಿಂಬದಿ ನೋಡಿದೆ. ಅಲ್ಲಿ ಸಾಂತಾಕ್ಲಾಸ್ ಹೆಗಲ ಚೀಲದಿಂದ ಐನೂರರ ನೋಟು ಚೆಲ್ಲುತ್ತಿದ್ದಾನೆ. ‘ಕ್ರಿಸ್‌ಮಸ್ ವಿಶೇಷ ವೈಯಕ್ತಿಕ ಸಾಲ, ಕೆಲವೇ ನಿಮಿಷಗಳಲ್ಲಿ.’ ಬಡ್ಡಿ ದರದ ಪಕ್ಕ ಒಂದು ಸಣ್ಣ ನಕ್ಷತ್ರ. ಬೇತ್ಲೆಹೇಮಿನ ನಕ್ಷತ್ರ ಮೂಡಣ ದೇಶದ ಜ್ಞಾನಿಗಳನ್ನು ಗೋದಲಿಗೆ ಕರೆದುಕೊಂಡು ಹೋಯಿತು. ನಿಮ್ಮ ನಕ್ಷತ್ರ ಹಿಡಿದು ಹೋದರೆ ಕಾಗದದ ಬುಡದಲ್ಲಿ ‘ಷರತ್ತುಗಳು ಅನ್ವಯ’ ಸಿಗುತ್ತದೆ.

ಸಾರ್, ನೀವು ಯಾವ ಊರಿನವರೋ ಗೊತ್ತಿಲ್ಲ. ವರ್ಗವಾಗಿ ಬಂದು ಜಾಸ್ತಿ ದಿನ ಆಗಿಲ್ಲವಂತೆ. ಅದಕ್ಕೆ ಹೇಳುತ್ತೇನೆ. ನೀವು ಉಳಿತಾಯದ ಪಾಠ ಮಾಡಲು ಹೊರಟದ್ದು ಪಿಗ್ಮಿ ಹುಟ್ಟಿದ ಕರಾವಳಿಯ ಜನರಿಗೆ. 1928ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈಯವರ ಬ್ಯಾಂಕು ದಿನಕ್ಕೆ ಎರಡಾಣೆಯಂತೆ ಮನೆಮನೆಗೆ ಹೋಗಿ ಕೂಡಿಸಲು ಶುರುಮಾಡಿತು. ನನ್ನ ಅಮ್ಮ ಕೂಡ ಪಿಗ್ಮಿ ಕಟ್ಟಿದವಳೇ. ಪಿಗ್ಮಿಯವರು ಸಂಜೆ ಸೈಕಲಿನಲ್ಲಿ ಬಂದು, ಜಗಲಿಯಲ್ಲಿ ಕೂತು, ನೀರು ಬೆಲ್ಲ ಮುಗಿಸಿ, ಪುಸ್ತಕದಲ್ಲಿ ಬರೆದು ಹೋಗುತ್ತಿದ್ದರು. ಆಗ ಬ್ಯಾಂಕು ನಮ್ಮ ಬಾಗಿಲಿಗೆ ಬರುತ್ತಿತ್ತು. ಈಗ ನಾನು ಎರಡು ಬಸ್ಸು ಹಿಡಿದು ನಿಮ್ಮ ಬಾಗಿಲಿಗೆ ಬಂದರೆ ಸರ್ವರ್ ಇಲ್ಲ. ಈ ಕರಾವಳಿಯ ಮೂರು ಬ್ಯಾಂಕುಗಳು ಹೋದವು ಬಿಡಿ. ವಿಜಯಾ 2019ರಲ್ಲಿ ಬರೋಡಾದೊಳಗೆ ಹೋಯಿತು. ಮರುವರ್ಷ ಕಾರ್ಪೊರೇಷನ್ ಯೂನಿಯನ್ನಿನೊಳಗೆ, ಪೈಯವರ ಆ ಸಿಂಡಿಕೇಟ್ ಕೆನರಾದೊಳಗೆ. ಉಳಿತಾಯ ಕಲಿಸಿದವರನ್ನೇ ಉಳಿಸಿಕೊಳ್ಳಲು ನಮ್ಮಿಂದ ಆಗಲಿಲ್ಲ.

ಉಳಿಸಿದರೆ ನೀವು ಕೊಡುವುದಾದರೂ ಎಷ್ಟು? ರಿಸರ್ವ್ ಬ್ಯಾಂಕು ಈ ವರ್ಷ ಫೆಬ್ರವರಿಯಿಂದ ರೆಪೊ ದರ ಇಳಿಸುತ್ತಾ ಬಂತು. ಆರೂವರೆ ಇದ್ದದ್ದು ಈ ಡಿಸೆಂಬರ್ 5ಕ್ಕೆ 5.25ಕ್ಕೆ ಬಂದು ನಿಂತಿದೆ. ಸಾಲ ತೆಗೆದುಕೊಂಡವರಿಗೆ ಖುಷಿಯಂತೆ. ಎಫ್‌ಡಿ ಬಡ್ಡಿಯಲ್ಲಿ ಅಕ್ಕಿ ತರುವವರನ್ನು ಯಾರೂ ಕೇಳುವುದಿಲ್ಲ. ಉಳಿತಾಯ ಖಾತೆಗೆ ನೀವು ಕೊಡುವುದು ಎರಡೂವರೆ. ಎದುರಿನ ಬದಿಯಲ್ಲಿ ಉಳಿಸಿ ಅನ್ನುತ್ತೀರಿ, ಉಳಿಸಿದವರಿಗೆ ಎರಡೂವರೆ ಕೊಡುತ್ತೀರಿ. ಅದೇ ದುಡ್ಡನ್ನು ಹಿಂಬದಿಯಲ್ಲಿ ಸಾಂತಾಕ್ಲಾಸನ ಚೀಲಕ್ಕೆ ತುಂಬಿಸಿ ಅದರ ನಾಲ್ಕೈದು ಪಟ್ಟು ಬಡ್ಡಿಗೆ ಮಾರುತ್ತೀರಿ. ಇಡೀ ಬ್ಯಾಂಕಿಂಗ್ ಒಂದೇ ಕಾಗದದಲ್ಲಿ ಕಲಿಸಿದ್ದಕ್ಕೆ ಥ್ಯಾಂಕ್ಸ್.

ನಿಮ್ಮ ಸೂತ್ರಗಳಿಗೆ ಬರುತ್ತೇನೆ. ‘ಹೋದ ವರ್ಷದ ಕೃತಕ ಮರವನ್ನೇ ಪುನಃ ಬಳಸಿ.’ ನಮ್ಮಲ್ಲಿ ಮರ ಅಂದರೆ ಗಾಳಿಮರದ ಗೆಲ್ಲು, ಅದಕ್ಕೆ ದುಡ್ಡು ಕೊಟ್ಟದ್ದು ನೆನಪಿಲ್ಲ. ‘ಅಲಂಕಾರ ಮಿತವಾಗಿರಲಿ.’ ಗೋದಲಿಗೆ ಪಕ್ಕದ ಮನೆಯ ಬೈಹುಲ್ಲು, ಬಾವಿಕಟ್ಟೆಯ ಪಾಚಿ, ತೆಂಗಿನ ಚಿಪ್ಪಿನಲ್ಲಿ ಮೊಳಕೆ ಬರಿಸಿದ ಭತ್ತ. ಬೊಂಬೆಗಳು ಅತ್ತೆಯ ಕಾಲದ್ದು. ಕುರಿಯೊಂದಕ್ಕೆ ಕಾಲಿಲ್ಲ, ಅದನ್ನು ಮಲಗಿಸಿ ಇಡುತ್ತೇವೆ. ‘ದುಬಾರಿ ಬ್ರಾಂಡಿನ ಬಟ್ಟೆ ಬೇಡ.’ ಆಯಿತು. ‘ಅತಿಥಿಗಳಿಗೆ ಒಂದೊಂದು ಪದಾರ್ಥ ತರಲು ಹೇಳಿ.’ ನಮ್ಮ ಭಾವನಿಗೆ ಹಾಗೆ ಹೇಳಿ ನೋಡಿ ನೀವು. ಹಂದಿ ಮಾಂಸದ ದುಕ್ರಾಮಾಸ್ ತಿನ್ನಲು ಬರುವ ಮನುಷ್ಯನಿಗೆ ಜೊತೆಗೆ ಸನ್ನಾ ತನ್ನಿ ಅಂದರೆ ಮುಂದಿನ ಈಸ್ಟರ್‌ವರೆಗೆ ಮಾತಿಲ್ಲ. ಖರ್ಚು ಉಳಿಯುತ್ತದೆ, ಒಪ್ಪುತ್ತೇನೆ.

ನಾನು ಪತ್ರ ಬರೆಯಲು ಕೂತದ್ದು ಇದಕ್ಕೆಲ್ಲ ಅಲ್ಲ. ನಡುವೆ ಒಂದು ಸೂತ್ರ ಉಂಟಲ್ಲ, ಅದಕ್ಕೆ. ‘ಸಿಹಿತಿಂಡಿಗಳನ್ನು ಹೊರಗಿನಿಂದ ತರಿಸಬೇಡಿ, ಮನೆಯಲ್ಲೇ ಮಾಡಿ. ಖರ್ಚೇ ಇಲ್ಲದ ಪ್ರೀತಿಯ ಉಡುಗೊರೆ!’ ಕೊನೆಗೊಂದು ಆಶ್ಚರ್ಯಸೂಚಕ ಬೇರೆ.

ಖರ್ಚೇ ಇಲ್ಲದ.

ಮಾರಾಯ್ರೇ, ಕುಸ್ವಾರ್ ಅಂದರೆ ಏನೆಂದು ನಿಮಗೆ ಯಾರಾದರೂ ಹೇಳಿದ್ದಾರಾ? ನಮ್ಮ ಕ್ರಿಸ್‌ಮಸ್ ತಿಂಡಿಗಳು: ಕಿಡಿಯೊ, ನೆವ್ರಿ, ಕೊಕ್ಕಿಸಾಂ, ಗುಳಿಯೊ, ತುಕ್ಡಿ, ಚಕ್ಕುಲಿ. ಇದರಲ್ಲಿ ಎಣ್ಣೆಗೆ ಬೀಳದ್ದು ಯಾವುದು? ಒಂದೂ ಇಲ್ಲ. ಎಣ್ಣೆ ಅಂದರೆ ನಮಗೆ ತೆಂಗಿನೆಣ್ಣೆ. ಈ ವರ್ಷದ ನಡುವಿನಲ್ಲಿ ಅದು ಲೀಟರಿಗೆ ನಾನೂರು ದಾಟಿತು. ಈಗ ಇಳಿದಿದೆ ಎನ್ನುತ್ತಾರೆ, ನಾನು ತಂದದ್ದು ನಾನೂರರ ಆಸುಪಾಸಿಗೇ. ನಮ್ಮ ಯಜಮಾನರು ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಕಾರ್ಖಾನೆ ಮುಚ್ಚಿತು, ಉಳಿದದ್ದು ಪಿಎಫ್ ಪಿಂಚಣಿ. ಸರಕಾರ 2014ರಲ್ಲಿ ಆ ಪಿಂಚಣಿಯ ಕನಿಷ್ಠ ಮೊತ್ತವನ್ನು ತಿಂಗಳಿಗೆ ಸಾವಿರ ರೂಪಾಯಿ ಮಾಡಿತು, ಇವತ್ತಿಗೂ ಅದು ಸಾವಿರವೇ. ಅಂದರೆ ಜೀವಮಾನ ಮಣ್ಣು ತುಳಿದವನಿಗೆ ತಿಂಗಳಿಗೆ ಎರಡೂವರೆ ಲೀಟರ್ ಎಣ್ಣೆ. ನೀವು ಬಡ್ಡಿ ಕೊಡುವುದೂ ಎರಡೂವರೆ. ಈ ಎರಡೂವರೆಯ ಮೇಲೆ ಏನೋ ಶಾಪ ಉಂಟು.

ತೆಂಗು ಬೆಳೆದವರ ಮೇಲೆ ನನಗೆ ಸಿಟ್ಟಿಲ್ಲ. ತಿಪಟೂರಿನಲ್ಲಿ ಉಂಡೆ ಕೊಬ್ಬರಿ ಕ್ವಿಂಟಲಿಗೆ 12,100 ರೂಪಾಯಿಯ ಬೆಂಬಲ ಬೆಲೆಯ ಎರಡರಷ್ಟನ್ನೂ ದಾಟಿದಾಗ, ಒಮ್ಮೆಯಾದರೂ ರೈತನಿಗೆ ಸಿಕ್ಕಿತಲ್ಲ ಎಂದುಕೊಂಡೆ. ಮರದಲ್ಲಿ ಕಾಯಿ ಇದ್ದವನಿಗೆ ಸಿಕ್ಕಿತು. ನಮ್ಮ ಹಿತ್ತಿಲಿನ ಮರಗಳಿಗೆ ಬಿಳಿ ನೊಣ. ಅದು ಬಿಟ್ಟದ್ದು ಮಂಗನಿಗೆ, ಮಂಗ ಬಿಟ್ಟದ್ದು ನಮಗೆ. ಬೇರೆ ಎಣ್ಣೆ ಬಳಸಬಾರದಾ ಎಂದು ಕೇಳಬೇಡಿ. ಸೂರ್ಯಕಾಂತಿ ಎಣ್ಣೆಯಲ್ಲಿ ಕರಿದ ನೆವ್ರಿಯನ್ನು ಒಮ್ಮೆ ಕೊಟ್ಟದ್ದಕ್ಕೆ ನನ್ನ ತಂಗಿ, ‘ಹುಷಾರಿಲ್ಲವಾ ನಿನಗೆ?’ ಎಂದು ಫೋನ್ ಮಾಡಿದಳು.

ತೆಂಗಿನೆಣ್ಣೆ ತಿನ್ನಲಿಕ್ಕಾ, ತಲೆಗೆ ಹಚ್ಚಲಿಕ್ಕಾ ಎಂದು ತೆರಿಗೆಯವರಿಗೆ ಹಲವು ವರ್ಷ ಸಂಶಯ ಇತ್ತಂತೆ. ಸಣ್ಣ ಬಾಟಲಿಯಲ್ಲಿ ಬಂದರೂ ಅದು ತಿನ್ನುವ ಎಣ್ಣೆಯೇ ಆಗಬಹುದು ಎಂದು ಸುಪ್ರೀಂ ಕೋರ್ಟು 2024ರ ಡಿಸೆಂಬರ್ 18ಕ್ಕೆ ಹೇಳಿತು, ಕ್ರಿಸ್‌ಮಸ್‌ಗೆ ಸರಿಯಾಗಿ ಒಂದು ವಾರ ಇರುವಾಗ. ನ್ಯಾಯಮೂರ್ತಿಗಳು ನಮ್ಮ ಅಡುಗೆಮನೆಗೆ ಬಂದಿದ್ದರೆ ಒಂದು ತಟ್ಟೆ ಕೊಕ್ಕಿಸಾಂನಲ್ಲಿ ಇದು ಇತ್ಯರ್ಥ ಆಗುತ್ತಿತ್ತು. ಈಗಿನ ರೇಟಿಗೆ ತಲೆಗೂ ಇಲ್ಲ, ಬಾಣಲೆಗೂ ಇಲ್ಲ.

ಇನ್ನು ಜಿಎಸ್‌ಟಿ. ಈ ಸೆಪ್ಟೆಂಬರ್ 22ರಿಂದ ಕೇಕು, ಬಿಸ್ಕತ್ತಿನ ತೆರಿಗೆ ಹದಿನೆಂಟರಿಂದ ಐದಕ್ಕೆ ಇಳಿಯಿತು. ಪೇಟೆಯ ಕೇಕು ಅಗ್ಗ ಆಗಲಿ, ಸಂತೋಷ. ಅಡುಗೆ ಎಣ್ಣೆಗೆ ಮೊದಲೂ ಐದು, ಈಗಲೂ ಐದು. ಅಂಗಡಿಯಲ್ಲಿ ತೆಗೆದುಕೊಂಡರೆ ಉಳಿತಾಯ, ಮನೆಯಲ್ಲಿ ಮಾಡಿದರೆ ಖರ್ಚು. ನಿಮ್ಮ ಕಾಗದದಲ್ಲಿ ಮಾತ್ರ ಅದು ತಲೆಕೆಳಗೆ.

ಎಣ್ಣೆಯ ವಿಷಯ ಬಿಡೋಣ. ಬಿಡಲು ಆಗುವುದಿಲ್ಲ, ಆದರೂ ಬಿಡೋಣ. ‘ಖರ್ಚೇ ಇಲ್ಲ’ ಎಂದು ಬರೆದವರು ಕಿಡಿಯೊ ಸುತ್ತಿದ್ದಾರಾ? ಕಣಕದ ಚೂರನ್ನು ಬಾಚಣಿಗೆಯ ಮೇಲೆ ಒತ್ತಿ ಬೆರಳಿನಲ್ಲಿ ಸುರುಳಿ ಮಾಡುವುದು, ಒಂದೊಂದಾಗಿ. ಕೊಕ್ಕಿಸಾಂನ ಕಬ್ಬಿಣದ ಅಚ್ಚನ್ನು ಎಣ್ಣೆಯಲ್ಲಿ ಕಾಯಿಸಿ ಹಿಟ್ಟಿಗೆ ಅದ್ದುವಾಗ ಹಿಟ್ಟು ಅಚ್ಚಿನ ಮೇಲಂಚಿಗೆ ಹತ್ತಿತೋ, ಬಿಡುವುದೇ ಇಲ್ಲ. ಕುಟ್ಟಿ ಬಿಡಿಸಬೇಕು. ರಾತ್ರಿ ಊಟದ ಪಾತ್ರೆ ತೊಳೆದ ಮೇಲೆ ಕೂತರೆ ಏಳುವಾಗ ಸೊಂಟ ನನ್ನ ಜೊತೆ ಏಳುವುದಿಲ್ಲ. ಮಕ್ಕಳು ಚಿಕ್ಕವರಿದ್ದಾಗ ಸುತ್ತಲೂ ಕೂತು ಸುತ್ತುತ್ತಿದ್ದರು. ಒಬ್ಬ ಈಗ ದುಬೈಯಲ್ಲಿ, ಇನ್ನೊಬ್ಬಳು ಬೆಂಗಳೂರಿನಲ್ಲಿ. ಯಜಮಾನರು ಸುತ್ತಿದ್ದು ಹಂಚಿನಂತೆ ಚಪ್ಪಟೆ.

ನಮ್ಮ ಪಕ್ಕದ ಮನೆಯ ಅಕ್ಕ ಬೀಡಿ ಕಟ್ಟುತ್ತಾರೆ. ಅವರೂ ಕೂತು ಸುತ್ತುವುದೇ, ನಾನೂ ಕೂತು ಸುತ್ತುವುದೇ. ಅವರಿಗೆ ಸಾವಿರ ಬೀಡಿಗೆ ಇಷ್ಟು ಅಂತ ಮಜೂರಿ ಉಂಟು, ಮೇಲೆ ತುಟ್ಟಿಭತ್ಯೆ ಉಂಟು. ಕಡಿಮೆಯಾಯಿತು ಎಂದು ಜಗಳ ಮಾಡಲು ಯೂನಿಯನ್ ಉಂಟು. ಅವರೂ ವಾರ ವಾರ ‘ಬ್ರಾಂಚ್’ಗೆ ಹೋಗುತ್ತಾರೆ, ಬೀಡಿ ಬ್ರಾಂಚ್‌ಗೆ. ಅಲ್ಲಿ ಪುಸ್ತಕಕ್ಕೆ ಪೆನ್ನಿನಲ್ಲಿ ಎಂಟ್ರಿ ಹಾಕಿ ಕೊಡುತ್ತಾರೆ, ಸರ್ವರ್ ಬೇಡ. ನಾನು ಕಿಡಿಯೊ ಸುತ್ತಿದರೆ ಸಾವಿರಕ್ಕೆ ಎಷ್ಟು? ಸೊನ್ನೆ. ಯಾಕೆಂದರೆ ಅದು ಪ್ರೀತಿ. ಲೆಕ್ಕ ಕೇಳಿದರೆ ಮೈದಾದ್ದು ಹೇಳೀರಿ, ಸಕ್ಕರೆಯದ್ದು ಹೇಳೀರಿ, ಗ್ಯಾಸಿನದ್ದೂ ಹೇಳೀರಿ. ಕೂತು ಮಾಡುವ ಹೆಂಗಸಿನದ್ದು ಮಾತ್ರ ಇಲ್ಲ. ಹಬ್ಬದ ಖರ್ಚು ಉಳಿಸುವುದು ಅಂದರೆ ಅವಳನ್ನು ಇನ್ನೆರಡು ತಾಸು ಎಬ್ಬಿಸಿ ಕೂರಿಸುವುದು ಎಂದು ನೇರವಾಗಿ ಬರೆದಿದ್ದರೆ ಒಂದೇ ಸೂತ್ರ ಸಾಕಿತ್ತು, ಕಾಗದ ಉಳಿಯುತ್ತಿತ್ತು. ಹಿಂಬದಿಯ ಸಾಲಕ್ಕೆ ಜಾಗವೂ ಜಾಸ್ತಿ ಸಿಗುತ್ತಿತ್ತು.

ನನಗೆ ಇಷ್ಟು ಉರಿ ಯಾಕೆಂದು ನಿಮಗೆ ಅರ್ಥ ಆಗಿರಲಿಕ್ಕಿಲ್ಲ. ಡಿಸೆಂಬರ್‌ನಲ್ಲಿ ನಾನು ಕುಸ್ವಾರ್‌ನ ಆರ್ಡರ್ ತೆಗೆದುಕೊಳ್ಳುತ್ತೇನೆ. ಆ ದುಡ್ಡಿನಲ್ಲಿ ಮನೆ ತೆರಿಗೆ, ಮಳೆಗಾಲಕ್ಕೆ ಮೊದಲು ಮಾಡಿನ ರಿಪೇರಿ. ಈ ಸಲ ಕಿಲೊಗೆ ಸ್ವಲ್ಪ ಜಾಸ್ತಿ ಹೇಳಿದ್ದಕ್ಕೆ ಫೋನ್ ಮಾಡಿದವರೆಲ್ಲ ಒಂದೇ ಮಾತು: ‘ಮನೆಯಲ್ಲೇ ಮಾಡುವುದಕ್ಕೆ ಇಷ್ಟಾ?’ ಮಾಲ್‌ನಲ್ಲಿ ಅದನ್ನೇ ಗಾಜಿನ ಬರಣಿಗೆ ತುಂಬಿ ರಿಬ್ಬನ್ ಕಟ್ಟಿಟ್ಟರೆ ಯಾರೂ ಚೌಕಾಸಿ ಮಾಡುವುದಿಲ್ಲ. ಮನೆಯಲ್ಲಿ ಮಾಡಿದ್ದಾದರೆ ಮಾಡಿದವಳು ಪುಕ್ಕಟೆ ಅಂತ ಎಲ್ಲರಿಗೂ ಬಾಯಿಪಾಠ ಆಗಿದೆ. ಅದನ್ನು ನೀವು ಬಣ್ಣದಲ್ಲಿ ಅಚ್ಚು ಹಾಕಿಸಿ ಹಂಚಿದಿರಿ. ಅದೂ ನನ್ನ ಕೈಗೇ ಕೊಟ್ಟಿರಿ.

ನಿಮ್ಮ ಶಾಖೆಯೂ ನನ್ನ ಗಿರಾಕಿಯೇ ಸ್ವಾಮಿ. ಸಿಬ್ಬಂದಿಗೆ ಹಂಚಲು ವರ್ಷವೂ ನನ್ನ ಹತ್ತಿರ ಹೇಳಿ ಮಾಡಿಸುತ್ತಿದ್ದರು. ಹೋದ ಮ್ಯಾನೇಜರ್ ನವೆಂಬರಿನಲ್ಲಿಯೇ ಅಡ್ವಾನ್ಸ್ ಕೊಡುತ್ತಿದ್ದರು. ಈ ಸಲ ಏನಾಯಿತು ಎಂದು ಕೌಂಟರಿನ ಹುಡುಗಿಯ ಹತ್ತಿರ ಕೇಳಿದೆ. ‘ಹೆಡ್ ಆಫೀಸಿನಿಂದ ಖರ್ಚು ಕಡಿಮೆ ಮಾಡಲು ಹೇಳಿದ್ದಾರಂತೆ ಆಂಟಿ’ ಎಂದಳು, ನನ್ನ ಮುಖ ನೋಡದೆ. ಅವಳ ಮೇಜಿನ ಮೇಲೆ ನಿಮ್ಮ ಕಾಗದದ ಕಟ್ಟು, ಇನ್ನೂ ಬಿಚ್ಚದ್ದು ಎರಡು. ಅದನ್ನು ಅಚ್ಚು ಹಾಕಿಸಿದ ದುಡ್ಡಿಗೆ ಎಷ್ಟು ಕಿಲೊ ನೆವ್ರಿ ಬರುತ್ತಿತ್ತು ಎಂದು ನಾನು ಅಲ್ಲಿಯೇ ಲೆಕ್ಕ ಹಾಕಿದೆ. ಹೇಳುವುದಿಲ್ಲ, ನಿಮಗೆ ಬೇಸರ ಆದೀತು.

ಎಫ್‌ಡಿ ಪುನಃ ಇಡುವುದಿಲ್ಲ. ಎಮ್‌ಸಿಸಿ ಎಂದು 1912ರಿಂದ ನಮ್ಮವರದ್ದೇ ಒಂದು ಸಹಕಾರಿ ಬ್ಯಾಂಕು ಉಂಟು. ಅಲ್ಲಿ ದರ ಕೇಳಿ ಬರಲು ಯಜಮಾನರನ್ನು ಕಳಿಸಿದ್ದೇನೆ. ಅಲ್ಲಿಯೂ ಸರ್ವರ್ ಇಲ್ಲದಿದ್ದರೆ ಅಕ್ಕಿ ಡಬ್ಬಿ ಉಂಟು. ಅದು ಎರಡೂವರೆಗೂ ಗತಿ ಇಲ್ಲದ್ದು, ಆದರೆ ಎಸ್‌ಎಂಎಸ್‌ಗೆ ಹಣ ಮುರಿಯುವುದಿಲ್ಲ.

ಕ್ರಿಸ್‌ಮಸ್ ಮರುದಿನ ನಿಮ್ಮ ಶಾಖೆಗೆ ಕುಸ್ವಾರ್ ಬರುತ್ತದೆ, ಆರ್ಡರ್ ಇರಲಿ ಇಲ್ಲದಿರಲಿ. ಕೌಂಟರಿನ ಹುಡುಗಿಗೆ ಒಂದು ಪೊಟ್ಟಣ, ವಾಚ್‌ಮನ್‌ಗೆ ಒಂದು, ಟೈ ಕಟ್ಟಿದ ಹುಡುಗನಿಗೆ ಒಂದು. ಪಾಪ, ಅವನು ಮನೆಯಲ್ಲಿ ಸರಿಯಾಗಿ ತಿಂದು ಬರುವ ಹಾಗೆ ಕಾಣುವುದಿಲ್ಲ. ನಿಮಗೆ ಇಲ್ಲ. ನೀವು ಮನೆಯಲ್ಲೇ ಮಾಡಿಕೊಳ್ಳಿ.

ಇತಿ,
ಟೋಕನ್ ಇನ್ನೂ ಕೈಯಲ್ಲೇ ಇರುವ ನಿಮ್ಮ ಖಾತೆದಾರಳು

ತಾ.ಕ.: ಅನುಕೂಲಕ್ಕೆ ಕಿಡಿಯೊದ ಕ್ರಮ ಬರೆದಿದ್ದೇನೆ. ಒಂದು ಕಿಲೊ ಮೈದಾ, ಕಲಸಲು ದಪ್ಪ ಕಾಯಿಹಾಲು, ಚಿಟಿಕೆ ಉಪ್ಪು. ಕಣಕವನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿಡಿ, ಇಲ್ಲದಿದ್ದರೆ ಒಣಗಿ ಸುರುಳಿ ಬಿರಿಯುತ್ತದೆ. ಬಾಚಣಿಗೆ ಹೊಸದು ತೆಗೆದುಕೊಳ್ಳಿ, ತಲೆ ಬಾಚುವುದು ಬೇಡ. ಕರಿಯಲು ತೆಂಗಿನೆಣ್ಣೆ, ನಿಮ್ಮ ಸಂಬಳಕ್ಕೆ ಆಗುತ್ತದೆ. ಹೆಂಡತಿಯನ್ನು ಎಬ್ಬಿಸಬೇಡಿ. ಒಂದು ಕಿಲೊಗೆ ಎಷ್ಟು ಕಿಡಿಯೊ ಆಯಿತು, ಎಷ್ಟು ಹೊತ್ತು ಹಿಡಿಯಿತು ಎಂದು ಎಣಿಸಿ ಬರೆದಿಡಿ. ಬರುವ ವರ್ಷ ನನಗೆ ರೇಟು ಹೇಳಲು ಬೇಕು.