ಐದು ಪಾಯಿಂಟಿನ ಸಂಸಾರ

ಕಚೇರಿ ವೇಳೆಯಲ್ಲಿ, ಮ್ಯಾನೇಜರ್ ಎದುರಿಗೇ ಕೂತು ಇಸ್ಪೀಟ್ ಎಲೆ ಹಾಕುವ ಭಾಗ್ಯ ನಮ್ಮಪ್ಪನಿಗೆ ಸಿಗಲಿಲ್ಲ. ಅವರು ಖಜಾನೆಯ ಗುಮಾಸ್ತರು. ನನಗೆ ಸಿಕ್ಕಿದೆ, ಅದೂ ಸಂಬಳ ಸಮೇತ. ಬೆಂಗಳೂರಿನ ನಮ್ಮ ಸಾಫ್ಟ್‌ವೇರ್ ತಂಡದಲ್ಲಿ ಸ್ಪ್ರಿಂಟ್ ಎಂಬ ಕೆಲಸದ ಕಂತು ಶುರುವಾಗುವಾಗಲೆಲ್ಲ ಪ್ಲಾನಿಂಗ್ ಪೋಕರ್ ನಡೆಯುತ್ತದೆ. ಒಂದೊಂದು ಕೆಲಸ, ಅಂದರೆ ನಮ್ಮ ಭಾಷೆಯಲ್ಲಿ 'ಸ್ಟೋರಿ', ಎಷ್ಟು ಪಾಯಿಂಟಿನಷ್ಟು ಭಾರ ಎಂದು ಪ್ರತಿಯೊಬ್ಬರೂ ಎಲೆ ಹಿಡಿದು ಹೇಳಬೇಕು.

ಎಲೆಯ ಮೇಲಿರುವುದು 1, 2, 3, 5, 8, 13. ಇಟಲಿಯ ಫಿಬೊನಾಚಿ 1202ರಲ್ಲಿ ಮೊಲದ ಸಂತಾನ ಎಣಿಸಿ ಬರೆದ ಅಂಕಿಗಳಿವು. ಅವನಿಗಿಂತ ಮೊದಲೇ ನಮ್ಮ ಪಂಡಿತ ಹೇಮಚಂದ್ರ ಛಂದಸ್ಸಿನ ಲಘು-ಗುರುಗಳನ್ನು ಇಂತಿಷ್ಟು ಮಾತ್ರೆಗೆ ಎಷ್ಟು ಬಗೆಯಲ್ಲಿ ಜೋಡಿಸಬಹುದೆಂದು ಲೆಕ್ಕ ಹಾಕಿ ಇವನ್ನೇ ಕಂಡಿದ್ದ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಲು ಬಾರದೆ ಕಿವಿ ಹಿಂಡಿಸಿಕೊಂಡವರೆಲ್ಲ ಈಗ ಅದೇ ಅಂಕಿಗಳಲ್ಲಿ ಲಾಗಿನ್ ಪುಟದ ತೂಕ ಹೇಳುತ್ತಿದ್ದೇವೆ.

ಜೇಮ್ಸ್ ಗ್ರೆನಿಂಗ್ 2002ರಲ್ಲಿ ರೂಪಿಸಿದ ಈ ಆಟದಲ್ಲಿ ಎಲ್ಲರೂ ಒಟ್ಟಿಗೇ ಎಲೆ ತಿರುಗಿಸಬೇಕು. ದೊಡ್ಡವರ ಅಂಕಿ ನೋಡಿ ಚಿಕ್ಕವರು ತಮ್ಮದನ್ನು ಬದಲಿಸಬಾರದಲ್ಲ! ನಮ್ಮಲ್ಲಿ ಎಲೆ ನೋಡುವ ಅಗತ್ಯವೇ ಬೀಳುವುದಿಲ್ಲ, ಟೆಕ್ ಲೀಡ್ ಹುಬ್ಬು ನೋಡಿದರೆ ಸಾಕು. ಇನ್ನೊಂದು ನಿಯಮ: ಅತಿ ಹೆಚ್ಚು, ಅತಿ ಕಡಿಮೆ ಹೇಳಿದವರು ಕಾರಣ ಕೊಡಬೇಕು. ಊಟದ ಹೊತ್ತಿನಲ್ಲಿ ಕಾರಣ ಕೊಡುವ ಪುಣ್ಯಾತ್ಮರು ಯಾರು? ಹಾಗಾಗಿ ಎಲ್ಲರದೂ ಐದು. ಬಟನ್ನಿನ ಬಣ್ಣ ಬದಲಿಸುವುದೂ ಐದು, ಇಡೀ ಡೇಟಾಬೇಸ್ ಹೊತ್ತು ಕ್ಲೌಡಿಗೆ ಸಾಗಿಸುವುದೂ ಐದು. ಕಾಫಿ ಲೋಟದ ಚಿತ್ರವಿರುವ ಎಲೆಯೂ ಒಂದಿದೆ. ಸಾಕು, ಏಳೋಣ ಎಂದರ್ಥ. ಅದನ್ನು ಎತ್ತಿ ಹಿಡಿದ ಗಂಡೆದೆಯನ್ನು ನಾನಂತೂ ಕಂಡಿಲ್ಲ.

"ಪಾಯಿಂಟಿಗೂ ದಿನಕ್ಕೂ ಸಂಬಂಧ ಇಲ್ಲ, ನೆನಪಿರಲಿ" ಎಂದು ಆಟ ನಡೆಸಿಕೊಡುವ ಸ್ಕ್ರಮ್ ಮಾಸ್ಟರ್ ಪ್ರತಿಸಲ ಸಂಕಲ್ಪ ಹೇಳಿಸುತ್ತಾರೆ. ಕೂಡಲೇ ಮ್ಯಾನೇಜರ್, "ಸರಿ ಸರಿ. ಐದು ಅಂದ್ರೆ ಗುರುವಾರಕ್ಕೆ ಆಗುತ್ತಲ್ವಾ?" ಎನ್ನುತ್ತಾರೆ. ಎಲ್ಲರೂ ಮ್ಯೂಟ್.

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಹಿಮದೂರಿನಲ್ಲಿ 17 ಜನ ಸೇರಿ, ನಾವು ಪಾಲಿಸುತ್ತೇವೆನ್ನುವ ಅಜೈಲ್ ಪದ್ಧತಿಯ ಪ್ರಣಾಳಿಕೆ ಬರೆದರು. ಅದರಲ್ಲಿ ಪಾಯಿಂಟಿನ ಸುದ್ದಿಯೇ ಇಲ್ಲ. ಆ ಹದಿನೇಳರಲ್ಲೊಬ್ಬರಾದ ರಾನ್ ಜೆಫ್ರೀಸ್, ಸ್ಟೋರಿ ಪಾಯಿಂಟ್ ಬಹುಶಃ ತಮ್ಮದೇ ಕೂಸು, ಹಾಗಿದ್ದರೆ ಈಗ ಬೇಸರವಾಗಿದೆ ಎಂದು ಬರೆದುಕೊಂಡಿದ್ದಾರೆ. ಅದನ್ನು ಉತ್ಸಾಹದಿಂದ ತಂಡದ ಗುಂಪಿಗೆ ಹಾಕಿದೆ. ಮ್ಯಾನೇಜರ್ ತಕ್ಷಣ ಹೆಬ್ಬೆರಳೆತ್ತಿದರು.

"ತುಂಬಾ ಒಳ್ಳೇ ವಿಚಾರ. ಪಾಯಿಂಟ್ ಬಿಡೋದರ ಬಗ್ಗೆ ನೀವೇ ಒಂದು ಸ್ಟೋರಿ ಹಾಕಿಬಿಡಿ. ಎಷ್ಟು ಪಾಯಿಂಟ್ ಆಗಬಹುದು?"

ಐದು ಎಂದೆ.