ಉಡಿ ತುಂಬುವ ಸಾವಕಾರ್ರು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಹೊಳೆಸಾಲಿನಲ್ಲಿ ಕಬ್ಬಿನಷ್ಟೇ ಹುಲುಸಾಗಿ ಬೆಳೆಯುವ ಇನ್ನೊಂದು ತಳಿ ಇದೆ. ಹೆಸರು ಊರಿಗೊಂದಾದರೂ ಕರೆಯುವುದು ಎಲ್ಲ ಕಡೆ ‘ಸಾವಕಾರ್ರು’ ಎಂದೇ. ಜೂನ್ 5ರ ಪರಿಸರ ದಿನ ಇವರು ಬಂದ ಮೇಲೆಯೇ ಶುರುವಾಗುತ್ತದೆ. ಬಿಳಿ ಅಂಗಿಯ ಮೇಲೆ ಹಸಿರು ಶಾಲು ಹೊದ್ದು, ಮಕ್ಕಳ ಕೈಗೆ ಬೇವಿನ ಸಸಿ ಕೊಟ್ಟು, ‘ಹೊಳಿ ನಮ್ಮ ತಾಯಿ, ಆಕಿನ್ನ ನಾವ ಉಳಸಲಿಲ್ಲಂದ್ರ ಮತ್ಯಾರು ಉಳಸ್ತಾರ್ರಿ?’ ಎಂದು ಕೇಳುತ್ತಾರೆ. ಸಸಿಯ ಚೀಲಕ್ಕೆ ಮಣ್ಣು, ಗೊಬ್ಬರದ ಜತೆ ಒಂದಿಷ್ಟು ಉಸುಕೂ ಬೇಕು. ಅದು ಎಲ್ಲಿಂದ ಬಂತೆಂದು ಸಮಾರಂಭದಲ್ಲಿ ಕೇಳುವ ಪದ್ಧತಿ ಇಲ್ಲ. ಮಳೆಗಾಲದಲ್ಲಿ ಕೃಷ್ಣೆ ತುಂಬಿದಾಗ ಹಸಿರು ಸೀರೆ, ಖಣ, ತೆಂಗಿನಕಾಯಿ ಹಿಡಿದು ಆಕೆಯ ಉಡಿ ತುಂಬುವವರೂ ಇವರೇ. ಬೇಸಿಗೆಯಲ್ಲಿ ರಾತ್ರಿ ಹೊತ್ತು ಅದೇ ಉಡಿಗೆ ಜೆಸಿಬಿ ಹಾಕಿ, ಬ್ರಾಸಿನ ಲೆಕ್ಕದಲ್ಲಿ, ಅಂದರೆ ನೂರು ಘನ ಅಡಿಗೆ ಇಷ್ಟೆಂದು, ಬರಿದು ಮಾಡುವವರೂ ಇವರೇ.

ಇಂಥವರನ್ನು ಕಪಟಿಗಳೆಂದು ಬೈದು ಕೈ ತೊಳೆದುಕೊಳ್ಳುವುದು ಸುಲಭ. ನನ್ನ ವಾದ ಬೇರೆ. ನದಿಯನ್ನು ರಕ್ಷಿಸಬೇಕೆಂಬ ಮಾತಿನಲ್ಲಿ ಸಾವಕಾರ್ರಿಗಿರುವಷ್ಟು ಪ್ರಾಮಾಣಿಕ ನಂಬಿಕೆ ಈ ಸೀಮೆಯಲ್ಲಿ ಇನ್ಯಾರಿಗೂ ಇಲ್ಲ. ಎತ್ತಿನ ಬಂಡಿ ಹೊಡೆದುಕೊಂಡು ಹೋಗಿ ಬೇಕಾದಷ್ಟು ಉಸುಕು ತುಂಬಿಕೊಂಡು ಬರುತ್ತಿದ್ದ ಕಾಲದಲ್ಲಿ ಅದಕ್ಕೆ ಕೂಲಿ ಇತ್ತು, ಬೆಲೆ ಇರಲಿಲ್ಲ. ಬೆಲೆಯಿಲ್ಲದ್ದನ್ನು ಕದಿಯಲು ಯಾವ ಮರ್ಯಾದಸ್ಥನೂ ನಿದ್ದೆಗೆಡುವುದಿಲ್ಲ. ಆಮೇಲೆ ಕಾಯ್ದೆಗಳು ಬಂದವು. 1957ರ ಗಣಿ ಮತ್ತು ಖನಿಜ ಕಾಯ್ದೆಯ ಲೆಕ್ಕದಲ್ಲಿ ಉಸುಕು ಉಪಖನಿಜ. 1994ರಲ್ಲಿ ಕರ್ನಾಟಕ ಉಪಖನಿಜಗಳಿಗೆಂದೇ ನಿಯಮಾವಳಿ ಮಾಡಿತು. 2012ರ ಫೆಬ್ರುವರಿ 27ರಂದು ಸುಪ್ರೀಂ ಕೋರ್ಟು ಐದು ಹೆಕ್ಟೇರಿಗಿಂತ ಚಿಕ್ಕ ಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದಿತು. 2016ರಲ್ಲೊಮ್ಮೆ, 2020ರಲ್ಲೊಮ್ಮೆ ಕೇಂದ್ರದ ಮಾರ್ಗಸೂಚಿಗಳು ಬಂದವು. ಎಲ್ಲವೂ ಒಳ್ಳೆಯ ಉದ್ದೇಶದವೇ. ಆದರೆ ಕಾಯ್ದೆ ಬಿಗಿಯಾದ ಹಾಗೆಲ್ಲ ಸರಳ ಮನುಷ್ಯರು ಹೊಳೆಯಿಂದ ದೂರ ಸರಿದರು, ಸಾವಕಾರ್ರ ಟಿಪ್ಪರಿನಲ್ಲಿದ್ದ ಉಸುಕು ಮಾತ್ರ ತುಟ್ಟಿಯಾಗುತ್ತ ಹೋಯಿತು. ಉಳಿದ ವ್ಯಾಪಾರಿಗಳಿಗೆ ಬ್ಯಾಂಕು ಬಂಡವಾಳ ಕೊಟ್ಟರೆ ಇವರಿಗೆ ಗೆಜೆಟ್ಟು ಕೊಡುತ್ತದೆ. ನಾಳೆ ಸರಕಾರ ‘ಯಾರು ಬೇಕಾದರೂ ತುಂಬಿಕೊಳ್ಳಿ’ ಎಂದುಬಿಟ್ಟರೆ ಎಲ್ಲರಿಗಿಂತ ಮೊದಲು ತಹಶೀಲ್ದಾರರಿಗೆ ಮನವಿ ಹಿಡಿದು ಹೊರಡುವವರು ಸಾವಕಾರ್ರೇ. ತಾಯಿಯನ್ನು ಹೀಗೆ ಬೀದಿಗೆ ಬಿಡುವುದೇ ಎಂದು ಅವರ ಕಣ್ಣಲ್ಲಿ ನೀರೂ ಬಂದೀತು, ಮತ್ತು ಅದು ಸುಳ್ಳು ನೀರಲ್ಲ.

ಹಾಗಾದರೆ ಕಾಯ್ದೆಯನ್ನೇ ತೆಗೆದುಹಾಕಿದರೆ ಕಳ್ಳತನವೂ ತೀರಿತಲ್ಲ ಎಂದು ಕೇಳಬಹುದು. ಕಳ್ಳತನ ತೀರುತ್ತದೆ, ಅದರ ಜತೆಗೆ ಹೊಳೆಯೂ. ಬಂಡಿಯ ಕಾಲದ ಸ್ವಾತಂತ್ರ್ಯವನ್ನು ಜೆಸಿಬಿಯ ಕೈಗೆ ಕೊಡಲಾಗದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2022ರ ವರದಿಯ ಪ್ರಕಾರ ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಉಸುಕು ಮತ್ತು ಜಲ್ಲಿ ಬಳಸುತ್ತದೆ. ಮರುಭೂಮಿಯಲ್ಲಿ ಉಸುಕು ರಾಶಿ ಬಿದ್ದಿದ್ದರೂ ಗಾಳಿಗೆ ಉರುಳಿ ಉರುಳಿ ನುಣುಪಾದ ಆ ಕಣಗಳನ್ನು ಸಿಮೆಂಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ಹೊಳೆಯ ಒರಟು ಉಸುಕೇ ಹಿಡಿಸುತ್ತದೆ. ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್ ಇದೆಯಲ್ಲ ಎಂದರೆ, ಅದೂ ಯಾವುದೋ ಗುಡ್ಡದ ಎಲುಬೇ. ಸಾಲದ್ದಕ್ಕೆ ಗೌಂಡಿ ತಲೆ ಅಲ್ಲಾಡಿಸುತ್ತಾನೆ: ‘ಹೊಳಿ ಉಸುಕ ಇರ್ಲಿಲ್ಲಂದ್ರ ಗಿಲಾವು ಹಿಡಿಯೂದಿಲ್ರಿ.’ ಗೌಂಡಿಯ ಈ ಒಂದು ಮಾತು ಸಾವಕಾರ್ರಿಗೆ ಯಾವ ಜಾಹೀರಾತಿಗಿಂತಲೂ ಹೆಚ್ಚು ಗಿರಾಕಿ ತರುತ್ತದೆ.

ದಂಡ, ಜೈಲು? 2015ರ ತಿದ್ದುಪಡಿಯ ನಂತರ ಐದು ವರ್ಷದವರೆಗೆ ಸಜೆ, ಹೆಕ್ಟೇರಿಗೆ ಐದು ಲಕ್ಷದವರೆಗೆ ದಂಡ ಎಂದು ಕಾಯ್ದೆ ಗುಡುಗುತ್ತದೆ. ಮುಂದಿನ ಪುಟ ತಿರುಗಿಸಿದರೆ, ಅಧಿಕಾರವುಳ್ಳವರು ಬರವಣಿಗೆಯಲ್ಲಿ ದೂರು ಕೊಡದೆ ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಇನ್ನೂ ಸ್ವಲ್ಪ ಮುಂದೆ ಹೋದರೆ ಹಣ ಕಟ್ಟಿ ರಾಜಿ ಮಾಡಿಕೊಳ್ಳಲೂ ಅವಕಾಶವಿದೆ. ಸಾವಕಾರ್ರು ಕಾಯ್ದೆಯನ್ನು ಹಿಂದಿನಿಂದ ಮುಂದಕ್ಕೆ ಓದುವವರು. ದಂಡದ ರಸೀದಿ ಅವರ ಲೆಕ್ಕದ ವಹಿಯಲ್ಲಿ ಡೀಸೆಲ್ಲಿನ ಕೆಳಗೆ, ಡ್ರೈವರನ ಪಗಾರದ ಮೇಲೆ ಬರುತ್ತದೆ.

ಅವರ ಪರವಾಗಿ ಊರಲ್ಲಿ ಆಡುವ ಗಟ್ಟಿ ಮಾತು ಇನ್ನೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ‘ಈ ಸಲ ತಗದ್ರ ಏನಾತು, ಮುಂದಿನ ಮಳಿಗಾಲಕ್ಕ ಹೊಳಿ ಮತ್ತ ತಂದ ಹಾಕ್ತೈತಿ.’ ಒಂದು ಕಾಲಕ್ಕೆ ಇದು ನಿಜವೇ. ಸಹ್ಯಾದ್ರಿಯ ಕಲ್ಲನ್ನು ಸವೆಸಿ ಪುಡಿ ಮಾಡಿ ಬಯಲಿಗೆ ತಂದು ಹಾಕುವುದೇ ಕೃಷ್ಣೆಯ ಕಸುಬಾಗಿತ್ತು. ಈಗ ಮೇಲೆ ಕೊಯ್ನಾ ಇದೆ, ವಾರಣಾ ಇದೆ, ದೂಧಗಂಗೆಗೆ ಅಡ್ಡವಾಗಿ ಕಾಳಮ್ಮವಾಡಿ ಇದೆ. ನೀರು ಗೇಟು ದಾಟಿ ಬರುತ್ತದೆ, ಉಸುಕಿನ ದೊಡ್ಡ ಪಾಲು ಅಣೆಕಟ್ಟಿನ ಹಿಂದೆಯೇ ಕೂತುಬಿಡುತ್ತದೆ. ತಾಯಿಯ ತವರಿನ ಬುತ್ತಿ ದಾರಿಯಲ್ಲೇ ಖಾಲಿಯಾಗುತ್ತಿರುವಾಗ ಉಡಿಯಲ್ಲಿ ಉಳಿದದ್ದು ಹಳೆಯ ಗಂಟು ಮಾತ್ರ. ಆ ಗಂಟು ಬರೀ ಗಂಟೂ ಅಲ್ಲ. ಹೊಳೆ ಬತ್ತಿದ ಮೇಲೂ ಉಸುಕು ತನ್ನ ಹೊಟ್ಟೆಯಲ್ಲಿ ನೀರು ಹಿಡಿದಿಟ್ಟು ದಂಡೆಯ ಬಾವಿಗಳನ್ನು ಸಾಕುತ್ತದೆ. ಅದನ್ನು ತೆಗೆದು ತಳ ಇಳಿಸಿದರೆ ಬಾವಿಯ ನೀರೂ ಇಳಿಯುತ್ತದೆ, ಪಂಪಿನ ಪೈಪು ಗಾಳಿಯಲ್ಲಿ ನೇತಾಡುತ್ತದೆ, ದಂಡೆ ಕುಸಿದು ಕಬ್ಬಿನ ಹೊಲವೇ ಹೊಳೆಗೆ ಜಾರುತ್ತದೆ. ಏಪ್ರಿಲ್ ತಿಂಗಳಲ್ಲಿ ಹೀಗೆ ಬಾಯಿ ಒಣಗಿದಾಗ, ಮಹಾರಾಷ್ಟ್ರ ಕೊಯ್ನಾದಿಂದ ನೀರು ಬಿಡಲೇಬೇಕೆಂದು ರಸ್ತೆ ತಡೆ ಮಾಡುವ ಮೊದಲ ಸಾಲಿನಲ್ಲಿ ಹಸಿರು ಶಾಲು ಕಾಣುತ್ತದೆ. ಬೇಡಿಕೆ ನ್ಯಾಯವಾದದ್ದೇ. ನೀರು ಬಂದರೆ ಕೆಲವು ವಾರ ಟ್ರ್ಯಾಕ್ಟರ್ ಹೊಳೆಗಿಳಿಯದು ಎಂದು ಗೊತ್ತಿದ್ದೂ ಹೋರಾಡುತ್ತಾರೆ. ಇದನ್ನು ತ್ಯಾಗವೆನ್ನಲು ನನಗೇನೂ ಅಭ್ಯಂತರವಿಲ್ಲ, ಅಷ್ಟು ದಿನದ ಮಾಲು ಮೊದಲೇ ಯಾರದೋ ತೋಟದಲ್ಲಿ ಕಬ್ಬಿನ ರವದಿ ಮುಚ್ಚಿಕೊಂಡು ಕೂತಿರದಿದ್ದರೆ.

ಕೊಗನೊಳ್ಳಿ ನಾಕೆಯ ಆಚೆ ಕಾಗಲ್, ಕಾಗವಾಡದ ಆಚೆ ಮಿರಜ. ಮಹಾರಾಷ್ಟ್ರದೊಂದಿಗಿನ ಗಡಿಯ ತಕರಾರು 1956ರಿಂದ ನಡೆದೇ ಇದೆ, 2004ರಲ್ಲಿ ಸುಪ್ರೀಂ ಕೋರ್ಟನ್ನೂ ಏರಿತು. ಸಾವಕಾರ್ರ ಟಿಪ್ಪರ್ ಅದನ್ನು ದಿನಾ ರಾತ್ರಿ ಬಗೆಹರಿಸುತ್ತದೆ. ಈಚೆ ಹಿಡಿದರೆ ಉಸುಕು ಆಚೆಯದು, ಆಚೆ ಹಿಡಿದರೆ ಈಚೆಯದು. ಡ್ರೈವರ್ ಎರಡೂ ಭಾಷೆಯಲ್ಲಿ ಸಮನಾಗಿ ಗೊತ್ತಿಲ್ಲ ಎನ್ನಬಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ: ಕೊಳ್ಳುವವರಿಲ್ಲದೆ ಸಾವಕಾರ್ರು ಎಲ್ಲಿಂದ ಬಂದರು? ಇದಕ್ಕೆ ನನ್ನಲ್ಲಿ ಪೂರಾ ಉತ್ತರವಿಲ್ಲ, ಯಾಕೆಂದರೆ ಕೊಳ್ಳುವವರೂ ತಪ್ಪಿತಸ್ಥರೆನ್ನುವುದು ಕಷ್ಟ. 2019ರ ಆಗಸ್ಟಿನ ಮಹಾಪೂರದಲ್ಲಿ ಮಣ್ಣಿನ ಗೋಡೆಗಳು ಕರಗಿ ಹೋದವು, 2021ರ ಜುಲೈಯಲ್ಲಿ ಹೊಳೆ ಮತ್ತೆ ಬಂತು. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರಕಾರ ಐದು ಲಕ್ಷ ರೂಪಾಯಿ ಘೋಷಿಸಿತು. ತಳಪಾಯಕ್ಕಿಷ್ಟು, ಗೋಡೆಗಿಷ್ಟು ಎಂದು ಕಂತಿನಲ್ಲಿ ಬರುವ ಹಣಕ್ಕಾಗಿ ಮನೆಯಾಕೆ ಕೆಲಸ ನಿಲ್ಲಿಸುವಂತಿಲ್ಲ, ಕೆಲಸಕ್ಕೆ ಉಸುಕು ಬೇಕು, ಪಾಸಿನ ಉಸುಕು ಬರುವ ಹೊತ್ತಿಗೆ ಮುಂದಿನ ಮಳೆಗಾಲ ಬಂದಿರುತ್ತದೆ. ಆಕೆ ಸೆರಗು ಸರಿ ಮಾಡಿಕೊಂಡು ಸಾವಕಾರ್ರ ಅಂಗಳಕ್ಕೆ ಹೋಗುತ್ತಾಳೆ. ‘ಎರಡ ಬ್ರಾಸ್ ಬೇಕಾಗಿತ್ರಿ ಸಾವಕಾರ್ರ, ರೇಟ್ ಒಂಚೂರು ಕಡಿಮಿ ಮಾಡ್ರಿ.’ ಸಾವಕಾರ್ರು ಮೆಲ್ಲಗೆ, ನಿಜವಾದ ಕಾಳಜಿಯಿಂದಲೇ, ‘ತಂಗೆವ್ವಾ, ಕಾಯ್ದೆ ಭಾಳ ಬಿಗಿ ಆಗೇದ, ಹೆಂಗ ಕಡಿಮಿ ಮಾಡ್ಲಿ?’ ಎನ್ನುತ್ತಾರೆ. ಆಮೇಲೆ ಒಳಗಿನಿಂದ ಚಹಾ ತರಿಸಿ, ಹೋಗುವಾಗ ಆಕೆಯ ಕೈಗೊಂದು ಬೇವಿನ ಸಸಿ ಕೊಡುತ್ತಾರೆ.