ಮುಳುಗಿದ ದೇಶದಿಂದ ಮಾತನಾಡಿದ್ದು

ವಿಪತ್ತಿನ ನಡುವೆ ಸಿಕ್ಕಿಕೊಂಡವನಿಗೆ ಅಂಜುವುದಕ್ಕೆ ಪುರುಸೊತ್ತಿರುವುದಿಲ್ಲ. ಒಲೆಯನ್ನು ಆರಿಸುವುದು, ಬಕೆಟ್ಟುಗಳಲ್ಲಿ ನೀರು ತುಂಬಿಡುವುದು, ನೆರೆಮನೆಯ ಮುದುಕಿಯನ್ನು ವಿಚಾರಿಸುವುದು ಮೊದಲಾದ ಕ್ಷುದ್ರ ಕಾರ್ಯಗಳೇ ಅವನ ಧೈರ್ಯವನ್ನು ಕಾಪಾಡುತ್ತವೆ. ಭಯಪಡುವ ಪೂರ್ಣಾವಕಾಶವು ದೊರೆಯುವುದು ಸಾವಿರಾರು ಮೈಲಿ ದೂರದಲ್ಲಿ ಟೀವಿಯ ಮುಂದೆ ಆಸೀನರಾದ ಬಂಧುಗಳಿಗೆ. ಈ ತತ್ತ್ವವು ನನಗೆ ಮನದಟ್ಟಾದುದು 2011ರ ಮಾರ್ಚ್ ತಿಂಗಳಿನಲ್ಲಿ, ನಾನು ಟೋಕಿಯೋದಲ್ಲಿಯೂ ನನ್ನ ತಾಯಿಯವರು ದಾವಣಗೆರೆಯಲ್ಲಿಯೂ ಇದ್ದಾಗ.

ಮಾರ್ಚ್ 11ರ ಮಧ್ಯಾಹ್ನ 2 ಗಂಟೆ 46 ನಿಮಿಷಕ್ಕೆ ಈಶಾನ್ಯ ಜಪಾನಿನ ಕಡಲತಳದಲ್ಲಿ 9.0 ಪ್ರಮಾಣದ ಭೂಕಂಪವಾಗಿ, ಟೋಕಿಯೋದ ಗಗನಚುಂಬಿ ಕಟ್ಟಡಗಳು ಗಾಳಿಗೆ ಸಿಕ್ಕ ಜೋಳದ ದಂಟುಗಳಂತೆ ತೂಗಾಡಿದುವು. ರೈಲುಗಳೆಲ್ಲ ನಿಂತುಹೋದುದರಿಂದ ಅಸಂಖ್ಯ ಜನರೊಡನೆ ನಾನೂ ನಡೆದೇ ಮನೆ ಸೇರಿ ಬಾಗಿಲು ತೆರೆದರೆ, ದಾವಣಗೆರೆಯಿಂದ ಬಂದಿದ್ದ ಮಂಡಕ್ಕಿಯ ಡಬ್ಬಿಯು ಗೂಡಿನಿಂದ ಉರುಳಿ, ಮುಚ್ಚಳ ಕಳಚಿ, ತನ್ನ ಸರ್ವಸ್ವವನ್ನೂ ಚಾಪೆಯ ಮೇಲೆ ಚೆಲ್ಲಿತ್ತು. ನನ್ನ ಗೃಹದಲ್ಲಾದ ಸಮಸ್ತ ನಷ್ಟವೂ ಅಷ್ಟೆ. ಅದನ್ನು ಗೋರಿ ತುಂಬುತ್ತಿರುವಾಗಲೇ ತಾಯಿಯವರ ಫೋನು ಬಂದಿತು:

“ಟೀವ್ಯಾಗೆ ಜಪಾನೇ ಮುಳುಗೈತಿ ಅಂತಾರಲ್ಲಪ್ಪಾ, ನೀನು ಯಾವುದರ ಮ್ಯಾಲೆ ನಿಂತು ಮಾತಾಡಾಕತ್ತೀಯ?”

ಪ್ರಶ್ನೆಯು ತರ್ಕಬದ್ಧವಾಗಿಯೇ ಇತ್ತು. ಅವರು ನೋಡುತ್ತಿದ್ದ ವಾಹಿನಿಯು ಭೂಕಂಪದ ಬೆನ್ನಲ್ಲೇ ಎದ್ದ ಸುನಾಮಿಯ ಒಂದೇ ಅಲೆಯನ್ನು ತಮಟೆಯ ಸದ್ದಿನೊಡನೆ ಮತ್ತೆ ಮತ್ತೆ ದಡಕ್ಕೆ ಅಪ್ಪಳಿಸುತ್ತ, ಸಮುದ್ರವು ಒಮ್ಮೆ ಮಾಡಿದ ಅನಾಹುತವನ್ನು ತಾನು ನೂರು ಸಲ ಮಾಡಿ, ಸಾಲದೆಂದು ಜ್ಯೋತಿಷಿಯೊಬ್ಬರನ್ನು ಕೂರಿಸಿ, 2012ಕ್ಕೆ ನಿಗದಿಯಾಗಿದೆಯೆಂದು ಆಗ ವದಂತಿಯಿದ್ದ ಪ್ರಳಯವು ಒಂದು ವರ್ಷ ಮುಂಚಿತವಾಗಿಯೇ ಹೊರಟುಬಂದಿರುವುದಾಗಿ ಸಾರಿಸಿತ್ತು.

ಭಯಕ್ಕೆ ಕಾರಣವೇ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. 200 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಸುನಾಮಿಗೆ ಸಿಕ್ಕ ಫುಕುಷಿಮಾ ಅಣುಸ್ಥಾವರದಿಂದ ಸೋರಿದ ವಿಕಿರಣವು ಟೋಕಿಯೋದ ನಲ್ಲಿಯವರೆಗೂ ಬಂದು, ಮಾರ್ಚ್ 23ರಂದು ಕಿಲೋಗ್ರಾಂ ನೀರಿಗೆ 210 ಬೆಕೆರೆಲ್ ವಿಕಿರಣಶೀಲ ಅಯೋಡಿನ್ ಇದೆಯೆಂದು ಪ್ರಕಟವಾಯಿತು. ಆಗ ಶಿಶುಗಳ ಮಿತಿ 100, ದೊಡ್ಡವರದು 300 ಇತ್ತು. ಆದುದರಿಂದ ಹಸುಳೆಗಳಿಗೆ ಕುಡಿಸಬೇಡಿರೆಂದು ತಿಳಿಸಿದ ನಗರಾಡಳಿತವು, ಮರುದಿನ ಪ್ರಮಾಣವು 79ಕ್ಕೆ ಇಳಿದೊಡನೆ ನಿರ್ಬಂಧವನ್ನು ತೆಗೆಯಿತು. ಇಷ್ಟು ಅಂಕಿಗಳೂ ಊರು ಮುಟ್ಟುವಷ್ಟರಲ್ಲಿ “ಟೋಕಿಯೋ ನೀರು ವಿಷ” ಎಂಬ ಮೂರು ಪದಗಳಾಗಿ ಬತ್ತಿಹೋಗಿದ್ದುವು. ದಾವಣಗೆರೆಗೆ ಕುಡಿಯುವ ನೀರನ್ನೊದಗಿಸುವ ಕೆರೆಗಳಲ್ಲೊಂದಕ್ಕೆ ಟಿ.ವಿ. ಸ್ಟೇಷನ್ ಕೆರೆಯೆಂದೇ ಹೆಸರು. ಅದರ ನೀರನ್ನು ಶೋಧಿಸಿ ಕುಡಿಯುವ ನಮ್ಮವರು ಟೀವಿಯದನ್ನು ಮಾತ್ರ ಶೋಧಿಸದೆಯೇ ಸೇವಿಸುವರು.

ಇದಕ್ಕೆ ಅಪವಾದವಾಗಿದ್ದವರು ಹರಿಹರದ ನನ್ನ ಸೋದರಮಾವ. ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳೊಡನೆ ಆಯುಷ್ಯವನ್ನು ಸವೆಸಿದ ಅವರಿಗೆ ಅಳತೆಯಿಲ್ಲದ ಮಾತಿನಲ್ಲಿ ವಿಶ್ವಾಸವಿಲ್ಲ. ಮಳೆಗಾಲದಲ್ಲಿ ಗಾಜನೂರು ಅಣೆಕಟ್ಟಿನಿಂದ ಎಷ್ಟು ಕ್ಯೂಸೆಕ್ ಬಿಟ್ಟರು, ಭದ್ರೆಯಿಂದ ಎಷ್ಟು ಬಂತು, ಕೂಡಲಿಯಲ್ಲಿ ಸೇರಿ ಹೊನ್ನಾಳಿಯನ್ನು ದಾಟಿದ ನೀರು ಹರಿಹರವನ್ನು ಮುಟ್ಟುವುದು ಯಾವಾಗ ಎಂಬುದನ್ನು ವಿಚಾರಿಸಿಕೊಂಡೇ ಸಾಮಾನು ಮೇಲಕ್ಕೆತ್ತುವ ಹೊಳೆದಂಡೆಯ ವಿವೇಕ ಅವರದು. “ಎಷ್ಟು ನೀರು, ಎಲ್ಲಿಗೆ, ಯಾವಾಗ ಬರತೈತಿ ಅಂತ ಹೇಳ್ಬೇಕು, ಅದು ಬಿಟ್ಟು ಬಾಯಿ ಬಡ್ಕಂಡ್ರೆ ಹೊಳಿ ಇಳೀತೈತೇನು?” ಎಂದರು. ಜಪಾನಿನ ಸಾರ್ವಜನಿಕ ವಾಹಿನಿಯಾದ ಎನ್‌ಎಚ್‌ಕೆಯು ಅಂದು ಮಾಡಿದುದೂ ಅದನ್ನೇ: ಯಾವ ಕರಾವಳಿ, ಎಷ್ಟು ಎತ್ತರದ ಅಲೆ, ಎಷ್ಟು ಹೊತ್ತಿಗೆ, ಎತ್ತ ಓಡಬೇಕು.

ನಮ್ಮ ವಾಹಿನಿಗಳ ಗದ್ದಲದ ನಿಜವಾದ ದೋಷವು ನನ್ನ ತಾಯಿಯವರ ರಕ್ತದೊತ್ತಡವನ್ನು ಏರಿಸಿದುದಲ್ಲ. ಇವಾತೆ, ಮಿಯಾಗಿ, ಫುಕುಷಿಮಾ ಪ್ರಾಂತಗಳಲ್ಲಿ ಸತ್ತವರು, ಕಾಣೆಯಾದವರು 18,000ಕ್ಕೂ ಹೆಚ್ಚು. ಇಡೀ ದೇಶವೇ ಮುಳುಗಿತೆಂದು ಕೂಗಿದವರಿಗೆ ಮುಳುಗಿದ ಊರುಗಳ ಹೆಸರನ್ನು ಹೇಳಲು ವ್ಯವಧಾನವಿರಲಿಲ್ಲ. ಮಂಡಕ್ಕಿ ಕಳೆದುಕೊಂಡ ನನಗೂ ಮನೆಮಂದಿಯನ್ನೇ ಕಳೆದುಕೊಂಡವರಿಗೂ ಅವರು ಹಂಚಿದುದು ಒಂದೇ ಕಣ್ಣೀರು. ಆದುದರಿಂದ ವಾಚಕರಲ್ಲಿ ನನ್ನ ವಿನಂತಿ ಇಷ್ಟೆ: ದೂರದಲ್ಲಿರುವ ನಿಮ್ಮವರ ನಾಡಿನಲ್ಲಿ ಭೂಮಿ ನಡುಗಿತೆಂದು ಕೇಳಿದೊಡನೆ ಮೊದಲು ಟೀವಿಯನ್ನು ಆರಿಸಿ, ಬಳಿಕ ಫೋನು ಮಾಡಿ, “ಊಟ ಆಯ್ತೇನಪ್ಪಾ?” ಎಂದು ಕೇಳಿರಿ.